ದಫ್ತರಗಳಲ್ಲಿ ಉಳಿದ ಕಿತ್ತೂರ ಚೆನ್ನಮ್ಮರಾಣಿ

ಬೆಳಗಾವಿ ಸೀಮೆಯ ಹಳೆಯ ಮನೆತನಗಳ ಚರಿತ್ರೆಯನ್ನು ಬರೆಯಹೊರಟವನಿಗೆ ಶಿಲಾಶಾಸನಗಳಿಗಿಂತ ಕಾಗದದ ಕಟ್ಟುಗಳೇ ಹೆಚ್ಚಿನ ಆಧಾರ. ಘಟಪ್ರಭೆ ಮಲಪ್ರಭೆಗಳ ಈ ನಾಡಿನಲ್ಲಿ, ಗೋಕಾಕ ಮೂಡಲಗಿಗಳ ಬಳಿಯ ಮಸಗುಪ್ಪಿಯಂತಹ ಹಳ್ಳಿಗಳಿಂದ ಮೊದಲುಗೊಂಡು ದೊಡ್ಡ ದೇಸಗತಿಗಳವರೆಗೆ, ಹೊಲದ ಹಕ್ಕು, ಗೌಡಿಕೆಯ ಮಾನ, ದತ್ತಕದ ಸಿಂಧುತ್ವ ಎಲ್ಲವೂ ಸನದು, ಇನಾಮು ಪತ್ರ, ಲೆಕ್ಕದ ಹೊತ್ತಗೆಗಳ ಮೇಲೆಯೇ ನಿಂತಿದ್ದುವು. ಒಂದು ಪತ್ರ ಒಂದು ಮನೆಯನ್ನು ಎತ್ತಬಹುದಾಗಿತ್ತು, ಇನ್ನೊಂದು ಪತ್ರ ಅದೇ ಮನೆಯನ್ನು ಮುಳುಗಿಸಬಹುದಾಗಿತ್ತು. ಈ ಎರಡು ಮಾತುಗಳಿಗೂ ಕಿತ್ತೂರಿನ ಮನೆತನಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯಲಾರದು. ಚೆನ್ನಮ್ಮರಾಣಿಯನ್ನು ನಾವು ಕುದುರೆಯೇರಿದ ವೀರಾಂಗನೆಯೆಂದು ಬಲ್ಲೆವು. ಆದರೆ ಆಕೆಯ ಖಡ್ಗವು ಒರೆಯಿಂದ ಹೊರಬಿದ್ದದ್ದು ಒಂದು ಕಾಗದದ ಕೊನೆಯಲ್ಲಿದ್ದ ರುಜುವಿನ ಸಲುವಾಗಿ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ.

ಕಿತ್ತೂರ ದೇಸಾಯರ ಮೂಲಪುರುಷರು ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಸೋದರರು. ಸಾಗರದ ಕಡೆಯಿಂದ ಬಂದ ಈ ವರ್ತಕರು ಬಿಜಾಪುರದ ಆದಿಲಶಾಹಿಯ ಸೈನ್ಯದಲ್ಲಿ ಸೇವೆ ಮಾಡಿ, 16ನೆಯ ಶತಮಾನದ ಕೊನೆಯ ಭಾಗದಲ್ಲಿ ಹುಬ್ಬಳ್ಳಿ ಪರಗಣೆಯ ಸರದೇಶಮುಖಿಯನ್ನು ಸಂಪಾದಿಸಿ ಸಂಪಗಾವಿಯಲ್ಲಿ ನೆಲೆನಿಂತರೆಂದು ಮನೆತನದ ವೃತ್ತಾಂತವು ತಿಳಿಸುತ್ತದೆ. ಮುಂದೆ ಅಲ್ಲಪ್ಪಗೌಡ ಸರದೇಸಾಯಿಯು ಗದ್ದುಗೆಯನ್ನು ಕಿತ್ತೂರಿಗೆ ಒಯ್ದು ಕೋಟೆಯನ್ನು ಕಟ್ಟಿಸಿದನು. ಬಿಜಾಪುರ ಅಳಿಯಿತು, ಮೊಗಲರು ಬಂದರು, ಸವಣೂರ ನವಾಬರು ಮೆರೆದರು. 18ನೆಯ ಶತಮಾನದ ನಡುಭಾಗದಲ್ಲಿ ಈ ಸೀಮೆಯು ಪೇಶವೆಗಳ ಅಧೀನಕ್ಕೆ ಹೋಯಿತು. ಒಡೆಯರು ಬದಲಾದಂತೆಲ್ಲ ದೇಸಾಯರು ಹೊಸ ಸನದನ್ನು ಪಡೆಯಬೇಕು, ಹೊಸ ಖಂಡಣಿಯನ್ನು ತೆರಬೇಕು. ನೆಲವನ್ನು ಹಸನು ಮಾಡಿ ಊರುಗಳನ್ನು ಕಟ್ಟಿದವರು ತಾವಾದರೂ, ಅದು ತಮ್ಮದೆಂದು ಹೇಳಿಕೊಳ್ಳಲು ಪರರ ಮುದ್ರೆ ಬೇಕಾಗಿತ್ತು.

ಈ ಮನೆಗೆ ಚೆನ್ನಮ್ಮನು ಕಾಕತಿಯ ದೇಸಾಯರ ಮನೆಯಿಂದ ಸೊಸೆಯಾಗಿ ಬಂದಳು. ಕೈಹಿಡಿದವನು ಮಲ್ಲಸರ್ಜ ದೇಸಾಯಿ. ಹಿರಿಯ ರಾಣಿ ರುದ್ರಮ್ಮನು ಅದಾಗಲೇ ಮನೆಯಲ್ಲಿದ್ದಳು. ಮಲ್ಲಸರ್ಜನು ಶೂರನೂ ಕಷ್ಟಸಹಿಷ್ಣುವೂ ಆಗಿದ್ದನು. ಟೀಪೂ ಸುಲ್ತಾನನ ಸೆರೆಯಾಳಾಗಿ ಕಬ್ಬಾಳದುರ್ಗದಲ್ಲಿದ್ದು ಅಲ್ಲಿಂದ ತಪ್ಪಿಸಿಕೊಂಡು ಬಂದವನು ಅವನು. 1809ರಲ್ಲಿ ಪೇಶವೆಗೆ ವರ್ಷಕ್ಕೆ 1,75,000 ರೂಪಾಯಿ ಖಂಡಣಿಯನ್ನೊಪ್ಪಿ ಸಂಸ್ಥಾನವನ್ನು ಉಳಿಸಿಕೊಂಡನು. ಆದರೂ ಎರಡನೆಯ ಬಾಜೀರಾಯನು ಅವನನ್ನು ಪುಣೆಯಲ್ಲಿ ಸೆರೆಯಲ್ಲಿರಿಸಿದನು. ಬಿಡುಗಡೆ ದೊರೆತಾಗ ಮೈಯಲ್ಲಿ ಕಸುವು ಉಳಿದಿರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಗೋಕಾಕ ಸೀಮೆಯ ಅರಭಾವಿ ಮಠದಲ್ಲಿ ತಂಗಿದನೆಂದೂ, ರಾಣಿಯರು ಅಲ್ಲಿಗೇ ಬಂದು ಕಂಡರೆಂದೂ ಈ ಭಾಗದ ಜನ ಹೇಳುತ್ತಾರೆ. 1816ರಲ್ಲಿ ಅವನು ತೀರಿಕೊಂಡನು.

ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು ಪಟ್ಟಕ್ಕೆ ಬಂದನು. ಚೆನ್ನಮ್ಮನ ಸ್ವಂತ ಮಗನು ಎಳೆಯ ವಯಸ್ಸಿನಲ್ಲೇ ಕಣ್ಮರೆಯಾಗಿದ್ದುದರಿಂದ ಆಕೆಯ ವಾತ್ಸಲ್ಯವೂ ರಾಜಕಾರಣದ ಅನುಭವವೂ ಸವತಿಯ ಮಗನಿಗೇ ಮೀಸಲಾದುವು. 1818ರಲ್ಲಿ ಪೇಶವೆಯ ವಿರುದ್ಧ ದಂಡೆತ್ತಿ ಬಂದ ಥಾಮಸ್ ಮನ್ರೋ ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಕಿತ್ತೂರು ಇಂಗ್ಲಿಷರಿಗೆ ನೆರವಾಯಿತು. ಅದಕ್ಕೆ ಪ್ರತಿಯಾಗಿ ಸಂಸ್ಥಾನವು ದೇಸಾಯಿಗೆ ಸ್ಥಿರಪಡಿಸಲ್ಪಟ್ಟಿತು. ಪತ್ರವೇನೋ ಕೈಗೆ ಬಂತು. ಆದರೆ ಅದರಲ್ಲಿ ಬರೆದುದನ್ನು ಬರೆದವನೂ ಪಡೆದವನೂ ಒಂದೇ ಅರ್ಥದಲ್ಲಿ ಓದಲಿಲ್ಲ. ಇದು ವಂಶಪಾರಂಪರ್ಯದ ರಾಜ್ಯವೆಂದು ಕಿತ್ತೂರು ತಿಳಿಯಿತು. ಸಾರ್ವಭೌಮನ ಕೃಪೆಯಿಂದ ನಡೆಯುವ, ಔರಸ ಸಂತಾನವಿಲ್ಲದಿದ್ದರೆ ಹಿಂದಕ್ಕೆ ಬರುವ ಭೂಮಿಯೆಂದು ಕಂಪನಿಯ ಅಧಿಕಾರಿಗಳು ತಿಳಿದರು. ಈ ಅಂತರವು ಆರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

1824ರ ಸೆಪ್ಟೆಂಬರ 11ರಂದು ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಮರಣಕ್ಕೆ ಮುಂಚೆ ಅವನು ಮಾಸ್ತಮರಡಿಯ ಗೌಡರ ಮನೆಯ ಹುಡುಗನನ್ನು ಶಿವಲಿಂಗಪ್ಪನೆಂಬ ಹೆಸರಿನಿಂದ ದತ್ತು ತೆಗೆದುಕೊಂಡಿದ್ದನೆಂಬುದು ಅರಮನೆಯವರ ಮಾತು. ಅದನ್ನು ತಿಳಿಸುವ ಪತ್ರವು ಜುಲೈ 10ರ ತಾರೀಖನ್ನು ಹೊತ್ತಿತ್ತು. ಅದು ಧಾರವಾಡದ ಕಲೆಕ್ಟರ ಸೇಂಟ್ ಜಾನ್ ಥ್ಯಾಕರೆಯ ಕೈಸೇರಿದ್ದು ಮಾತ್ರ ದೇಸಾಯಿಯ ಮರಣದ ಮರುದಿನ. ರುಜುವು ದೇಸಾಯಿಯ ಎಂದಿನ ರುಜುವಿನಂತಿಲ್ಲವೆಂದು ಥ್ಯಾಕರೆಗೆ ಸಂದೇಹ ಬಂತು. ದತ್ತಕವು ಮರಣಾನಂತರದ ಕಟ್ಟುಕಥೆಯೆಂದು ಅವನು ನಿರ್ಣಯಿಸಿದನು. ಸಾಯುವವನ ಕೈ ನಡುಗುವುದು ಸಹಜವೆಂಬ ವಿಚಾರಕ್ಕೆ ಆ ನಿರ್ಣಯದಲ್ಲಿ ಎಡೆ ದೊರೆಯಲಿಲ್ಲ.

ಇಲ್ಲಿ ಧರ್ಮಶಾಸ್ತ್ರದ ಒಂದು ಮಾತನ್ನು ವಾಚಕರು ಗಮನಿಸಬೇಕು. ಮುಂಬಯಿ ಪ್ರಾಂತದಲ್ಲಿ ಗಂಡನ ಸ್ಪಷ್ಟವಾದ ಅಪ್ಪಣೆಯಿಲ್ಲದೆಯೂ ವಿಧವೆಯು ಗಂಡನಿಗಾಗಿ ದತ್ತು ಸ್ವೀಕರಿಸಬಹುದೆಂಬ ತತ್ತ್ವವನ್ನು 1868ರಲ್ಲಿ ರಖಮಾಬಾಯಿ ಮತ್ತು ರಾಧಾಬಾಯಿಯರ ಮೊಕದ್ದಮೆಯಲ್ಲಿ ಇಂಗ್ಲಿಷರ ಹೈಕೋರ್ಟೇ ಎತ್ತಿಹಿಡಿಯಿತು. ನೀಲಕಂಠಭಟ್ಟನ ವ್ಯವಹಾರಮಯೂಖವನ್ನು ಮನ್ನಿಸುವ ನಾಡಿನ ಸಂಪ್ರದಾಯವೇ ಅದಾಗಿತ್ತು. ಹಾಗಿದ್ದಲ್ಲಿ, ರುಜು ಸಂದೇಹಾಸ್ಪದವೆಂದೇ ಇಟ್ಟುಕೊಂಡರೂ ದೇಸಾಯಿಯ ವಿಧವೆ ವೀರಮ್ಮನಿಗೆ ದತ್ತಕದ ದಾರಿ ಮುಚ್ಚಿರಲಿಲ್ಲ. ಕಂಪನಿಯು ಮುಂದಿಟ್ಟದ್ದು ಬೇರೆ ತರ್ಕ: ಹೊಲಮನೆಗೆ ದತ್ತಕವು ಸಲ್ಲಬಹುದು, ಸಂಸ್ಥಾನಕ್ಕೆ ಮಾತ್ರ ಸಾರ್ವಭೌಮನ ಮನ್ನಣೆ ಬೇಕು. ನ್ಯಾಯದ ಪ್ರಶ್ನೆಯಾಗಿ ಹುಟ್ಟಿದ್ದು ಹೀಗೆ ಅಧಿಕಾರದ ಪ್ರಶ್ನೆಯಾಗಿ ಮಾರ್ಪಟ್ಟಿತು.

ಚೆನ್ನಮ್ಮನು ಒಮ್ಮೆಲೇ ಶಸ್ತ್ರವನ್ನು ಹಿಡಿಯಲಿಲ್ಲ. ಆಕೆ ಮೊದಲು ಹಿಡಿದದ್ದು ಕಾಗದದ ದಾರಿಯನ್ನೇ. ದತ್ತಕವನ್ನು ಮನ್ನಿಸಬೇಕೆಂದು ಮುಂಬಯಿಯ ಗವರ್ನರ ಎಲ್ಫಿನ್‌ಸ್ಟನ್ನನಿಗೂ ದಖ್ಖನದ ಕಮಿಶನರ ಚಾಪ್ಲಿನನಿಗೂ ಬರೆಯಿಸಿದಳು. ಉತ್ತರವಾಗಿ ಬಂದದ್ದು ಅರಮನೆಯ ಭಾಂಡಾರಕ್ಕೆ ಮೊಹರು, ಬಾಗಿಲಿಗೆ ಕಾವಲು. ಅಕ್ಟೋಬರ 23ರಂದು ಕೋಟೆಯ ಬಾಗಿಲು ತೆರೆಯದಿದ್ದರೆ ಒಡೆಯುವುದಾಗಿ ಥ್ಯಾಕರೆಯು ಗಡುವು ಕೊಟ್ಟು ತೋಪುಗಳನ್ನು ನಿಲ್ಲಿಸಿದನು. ಬಾಗಿಲು ಒಳಗಿನಿಂದಲೇ ತೆರೆಯಿತು. ಹೊರಕ್ಕೆ ನುಗ್ಗಿದ ಕಿತ್ತೂರ ದಂಡಿನ ಎದುರು ಕಂಪನಿಯ ತುಕಡಿ ಚದುರಿತು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಲಿಯಾದನೆಂದು ಜನ ಇಂದಿಗೂ ಹಾಡಿ ಹೇಳುತ್ತಾರೆ.

ಅಂದು ಸೆರೆಸಿಕ್ಕ ಇಬ್ಬರು ಅಧಿಕಾರಿಗಳು ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್. ಕಿತ್ತೂರಿನಲ್ಲಿ ಅವರ ಪ್ರಾಣಕ್ಕೆ ಹಾನಿಯಾಗಲಿಲ್ಲ, ಡಿಸೆಂಬರದ ಮೊದಲಲ್ಲಿ ಅವರು ಸುರಕ್ಷಿತವಾಗಿ ಹೊರಬಂದರು. ಆಗ ಇಪ್ಪತ್ತೊಂದರ ತರುಣನಾಗಿದ್ದ ಈ ಎಲಿಯಟನೇ ಮುಂದೆ ಪಂಡಿತರನ್ನು ನೇಮಿಸಿ ಕರ್ನಾಟಕದ ನೂರಾರು ಶಾಸನಗಳ ಪ್ರತಿಗಳನ್ನು ತೆಗೆಯಿಸಿ, 1837ರಲ್ಲಿ ಅವುಗಳ ಆಧಾರದಿಂದ ಚಾಲುಕ್ಯರೇ ಮೊದಲಾದ ವಂಶಗಳ ಚರಿತ್ರೆಯನ್ನು ವಿದ್ವಾಂಸರ ಮುಂದಿಟ್ಟನು. ರಾಣಿಯ ಔದಾರ್ಯದಿಂದ ಉಳಿದ ಒಂದು ಜೀವದಿಂದ ಕನ್ನಡನಾಡಿನ ಪ್ರಾಚೀನ ಲೇಖಗಳ ಸಂಗ್ರಹಕ್ಕೆ ನಾಂದಿಯಾದದ್ದನ್ನು ನಮ್ಮ ಚರಿತ್ರೆಯ ವಿದ್ಯಾರ್ಥಿಗಳು ಮರೆಯಲಾಗದು.

ಗೆಲವು ಬಹುಕಾಲ ನಿಲ್ಲಲಿಲ್ಲ. ಚಾಪ್ಲಿನನು ದೊಡ್ಡ ಸೈನ್ಯದೊಡನೆ ಬಂದನು. ಸೊಲ್ಲಾಪುರದ ಸಬ್ ಕಲೆಕ್ಟರನೂ ಥಾಮಸ್ ಮನ್ರೋನ ಬಂಧುವೂ ಆದ ಇನ್ನೊಬ್ಬ ಮನ್ರೋ ಈ ಕಾಳಗದಲ್ಲಿ ಮಡಿದನು. ಡಿಸೆಂಬರ 5ರ ಹೊತ್ತಿಗೆ ಕೋಟೆ ಬಿದ್ದಿತ್ತು. ಚೆನ್ನಮ್ಮನನ್ನೂ ವೀರಮ್ಮನನ್ನೂ ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಅಲ್ಲಿಯೇ 1829ರ ಫೆಬ್ರುವರಿಯಲ್ಲಿ ರಾಣಿಯು ಕೊನೆಯುಸಿರೆಳೆದಳು. ಆಕೆಯ ಸಮಾಧಿಯು ಅದೇ ಊರಲ್ಲಿದೆ.

ಆದರೆ ವ್ಯಾಜ್ಯವು ಅಲ್ಲಿಗೆ ಮುಗಿಯಲಿಲ್ಲ. ಸಂಗೊಳ್ಳಿ ರಾಯಣ್ಣನು ಶೇತಸನದಿ, ಎಂದರೆ ಸೇವೆಗೆ ಪ್ರತಿಯಾಗಿ ಸನದಿನ ಮೂಲಕ ಹೊಲವನ್ನು ಪಡೆದವನು. ಸಂಸ್ಥಾನದೊಡನೆ ಅಂತಹವರ ಹೊಲಗಳಿಗೂ ಕುತ್ತು ಬಂದಿತ್ತು. ದತ್ತಕಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ ಅವನು ಜನರನ್ನು ಕೂಡಿಸಿ ಬೀಡಿಯ ಸರಕಾರಿ ಕಚೇರಿಯನ್ನು ಸುಟ್ಟನು. ಹೊಲದ ಲೆಕ್ಕ ಬರೆಯುವ ಕಚೇರಿಯ ಮೇಲೆ ರೈತನಿಗೆ ಎಂತಹ ಸಿಟ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಕಿತ್ತೂರಿನಲ್ಲಿ ಪ್ರಯೋಗಿಸಿದ ಅಸ್ತ್ರವನ್ನು ಕಂಪನಿಯು ಮುಂದೆ ನಾಡಿನಾದ್ಯಂತ ಬೀಸಿತು. 1848ರಲ್ಲಿ ಸಾತಾರೆ, 1854ರಲ್ಲಿ ಝಾನ್ಸಿ ದತ್ತಕದ ನಿರಾಕರಣೆಯಿಂದಲೇ ಅಳಿದುವು. 1852ರ ಇನಾಮು ಕಾಯಿದೆಯು ಮುಂಬಯಿ ಪ್ರಾಂತದ ಇನಾಮುದಾರರಿಗೆಲ್ಲ ಅಜ್ಜ ಮುತ್ತಜ್ಜರ ಪತ್ರಗಳನ್ನು ತೋರಿಸಿರೆಂದು ಕೇಳಿತು. ದತ್ತಕವನ್ನು ನಿರಾಕರಿಸಿಕೊಂಡ ನರಗುಂದದ ಬಾಬಾಸಾಹೇಬನು 1858ರಲ್ಲಿ ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಇವರೆಲ್ಲರಿಗಿಂತ ಮೊದಲೇ ಆ ಪ್ರಶ್ನೆಯನ್ನು ಎದುರಿಸಿದ್ದು ಚೆನ್ನಮ್ಮ.

2007ರಲ್ಲಿ ದಿಲ್ಲಿಯ ಸಂಸತ್ ಭವನದ ಆವರಣದಲ್ಲಿ ರಾಣಿಯ ಪ್ರತಿಮೆ ನಿಂತಿತು. 2024ರಲ್ಲಿ ಕಿತ್ತೂರ ವಿಜಯಕ್ಕೆ ಇನ್ನೂರು ವರ್ಷ ತುಂಬಿತು. ಉತ್ಸವಗಳು ನಡೆಯಲಿ. ಅದರ ಜೊತೆಗೆ ಇನ್ನೊಂದು ಕೆಲಸವೂ ಇದೆ. ಆಕೆಯ ಕಾಲದ ವರದಿಗಳಲ್ಲಿ ಬಹುಪಾಲು ಬರೆದವರು ಆಕೆಯನ್ನು ಗೆದ್ದವರು. ಅವುಗಳನ್ನು ತೂಗಿ ನೋಡಲು ಸೋತವರ ಮನೆಗಳಲ್ಲಿ ಉಳಿದ ಪತ್ರಗಳು ಬೇಕು. ಜಂತಿಯ ಸಂದಿನಲ್ಲಿ, ಹಳೆಯ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ಕಟ್ಟುಗಳು ಗೆದ್ದಲಿಗೆ ತುತ್ತಾಗುತ್ತಿವೆ, ಆ ಲಿಪಿಯನ್ನು ಓದಬಲ್ಲವರು ವಿರಳರಾಗುತ್ತಿದ್ದಾರೆ. ಒಂದು ರುಜುವಿನ ಸಂದೇಹದಿಂದ ಒಂದು ಸಂಸ್ಥಾನವೇ ಹೋದ ನಾಡಿನಲ್ಲಿ ಹಳೆಯ ಕಾಗದವನ್ನು ರದ್ದಿಯೆಂದು ಎಸೆಯುವುದು ಸಲ್ಲದು. ನಮ್ಮ ಶಾಲೆಗಳ ಅಧ್ಯಾಪಕರು ತಮ್ಮ ಊರಿನ ಒಂದೊಂದು ಕಟ್ಟನ್ನಾದರೂ ಬಿಚ್ಚಿ, ಓದಿಸಿ, ನಕಲು ಮಾಡಿಸಿ ಇಟ್ಟರೆ ಕಿತ್ತೂರಿನ ಚರಿತ್ರೆಗೆ ಇನ್ನೂ ಎಷ್ಟೋ ಪುಟಗಳು ಸೇರಬಹುದು.