ಹೊಸ ಅಕ್ವೇರಿಯಂನಲ್ಲಿ ಮೀನು ಸಾಯುವುದೇಕೆ? ಉತ್ತರ ಕೊಟ್ಟ ವಿನೊಗ್ರಾಡ್ಸ್ಕಿ ಕಥೆ

ಅಕ್ವೇರಿಯಂನ ಮೀನು ಸತ್ತರೆ ಮನೆಗೆ ಬರಲಿದ್ದ ಕಂಟಕವನ್ನು ಅದು ಹೊತ್ತುಕೊಂಡು ಹೋಯಿತು, ಕೂಡಲೇ ಇನ್ನೊಂದು ಮೀನು ತಂದು ಬಿಡಿ ಎನ್ನುವ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಹಾಗೆ ಮಾಡಿದರೆ ಎರಡನೇ ಮೀನೂ ಸಾಯುವ ಸಾಧ್ಯತೆ ಹೆಚ್ಚು. ಹೊಸ ತೊಟ್ಟಿಯಲ್ಲಿ ಮೀನು ಸಾಯಲು ಸಾಮಾನ್ಯ ಕಾರಣ ಅಮೋನಿಯಾ. ಅದು ಮೀನಿನ ಕಿವಿರಿನಿಂದಲೇ ಹೊರಬರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಬರುತ್ತದೆ. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಅಮೋನಿಯಾ ಇರಬಹುದು.

ಹಾಗಾದರೆ ಕುಪ್ಪಗಡ್ಡೆ ಸುತ್ತಲಿನ ಕೆರೆಗಳಲ್ಲಿ ಯಾರೂ ನೀರು ಬದಲಿಸದೆ ಮೀನು ಬದುಕುವುದು ಹೇಗೆ? ಅಲ್ಲಿ ನೀರು ಬಹಳ, ಗಿಡ ಬಹಳ. ಜೊತೆಗೆ ಕೆಸರಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿವೆ. ಅವುಗಳ ಗುಟ್ಟು ಬಿಡಿಸಿದವರು ಸೆರ್ಗೆಯ್ ವಿನೊಗ್ರಾಡ್ಸ್ಕಿ.

ಅವರು ಹುಟ್ಟಿದ್ದು 1856ರಲ್ಲಿ, ಕೀವ್ ನಗರದ ಸಿರಿವಂತ ಮನೆತನದಲ್ಲಿ. ಕಾನೂನು ಓದಲು ಸೇರಿ ಬಿಟ್ಟರು. ಸೇಂಟ್ ಪೀಟರ್ಸ್‌ಬರ್ಗ್‌ನ ಸಂಗೀತ ಶಾಲೆಯಲ್ಲಿ ಪಿಯಾನೊ ಕಲಿತರು, ಅದನ್ನೂ ಬಿಟ್ಟರು. ಕೊನೆಗೆ ಸಸ್ಯಶಾಸ್ತ್ರ ಹಿಡಿಯಿತು. (ಮಕ್ಕಳು ಕೋರ್ಸ್ ಬದಲಿಸಿದರೆ ಗಾಬರಿಯಾಗುವ ತಂದೆ ತಾಯಿ ಗಮನಿಸಿ.) ಸ್ಟ್ರಾಸ್‌ಬರ್ಗ್‌ನಲ್ಲಿ ಗಂಧಕದ ಬ್ಯಾಕ್ಟೀರಿಯಾ ಅಧ್ಯಯನ ಮಾಡಿ, 1888ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೋದರು. ಅಲ್ಲಿ ಕೈಗೆತ್ತಿಕೊಂಡದ್ದು ಮಣ್ಣಿನ ಒಂದು ಹಳೆಯ ಒಗಟನ್ನು.

ತೋಟಕ್ಕೆ ಹಾಕಿದ ಕೊಟ್ಟಿಗೆ ಗೊಬ್ಬರದ ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ ಎಂಬುದು ಆಗಲೇ ತಿಳಿದಿತ್ತು. 1877ರಲ್ಲಿ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ಫ್ರೆಂಚ್ ವಿಜ್ಞಾನಿಗಳು ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದ್ದರು. ಸುಮಾರು 20 ದಿನ ಏನೂ ಆಗಲಿಲ್ಲ. ಆಮೇಲೆ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಆವಿ ಬಿಟ್ಟಾಗ ನಿಂತುಹೋಯಿತು. ತೋಟದ ಮಣ್ಣು ಕದಡಿದ ನೀರು ಹಾಕಿದಾಗ ಮತ್ತೆ ಶುರುವಾಯಿತು. ಅಂದರೆ ಇದು ಜೀವಿಗಳ ಕೆಲಸ.

ಆ ಜೀವಿಗಳನ್ನು ಬೇರ್ಪಡಿಸಲು ಇಂಗ್ಲೆಂಡಿನ ರಾಬರ್ಟ್ ವಾರಿಂಗ್ಟನ್ ವರ್ಷಗಟ್ಟಲೆ ಹೆಣಗಿದರು. ಈ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ ಎಂದು ತೋರಿಸಿದರೂ ಬ್ಯಾಕ್ಟೀರಿಯಾ ಕೈಗೆ ಸಿಗಲಿಲ್ಲ. ಇದೇ ಹೆಸರಿನ ಅವರ ತಂದೆಯೇ 1850ರಲ್ಲಿ ಎರಡು ಗೋಲ್ಡ್ ಫಿಶ್, ಜಲಸಸ್ಯ ಮತ್ತು ಬಸವನಹುಳು ಬಿಟ್ಟು ಸಮತೋಲನದ ಅಕ್ವೇರಿಯಂ ಸಾಧ್ಯವೆಂದು ತೋರಿಸಿದವರು!

ಎಲ್ಲರೂ ಎಡವಿದ್ದು ಊಟದ ವಿಷಯದಲ್ಲಿ. ಬ್ಯಾಕ್ಟೀರಿಯಾ ಬೆಳೆಸಲು ಆಗ ಜೆಲಟಿನ್, ಮಾಂಸದ ಸಾರು ಬಳಸುತ್ತಿದ್ದರು. ವಿನೊಗ್ರಾಡ್ಸ್ಕಿ ಅದೆಲ್ಲ ಬಿಟ್ಟು, ಅಮೋನಿಯಾದ ಉಪ್ಪು ಮತ್ತು ಖನಿಜ ಮಾತ್ರ ಕೊಟ್ಟರು. ಬೇರೆ ಜೀವಿಗಳು ಹಿಂದೆ ಬಿದ್ದವು, ಬೇಕಾದವು ಬೆಳೆದವು. 1891ರ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು: ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಬಿಸಿಲಿಲ್ಲದೆ, ಅಮೋನಿಯಾ ಅಥವಾ ನೈಟ್ರೈಟ್‌ನಿಂದಲೇ ಶಕ್ತಿ ಪಡೆದು ಬದುಕುವ ಜೀವಿಗಳಿವು.

ನಿಮ್ಮ ತೊಟ್ಟಿಗೂ ಇದೇ ಲೆಕ್ಕ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯಕಾರಿ ಅಲ್ಲ. ಈ ಬ್ಯಾಕ್ಟೀರಿಯಾಗಳು ಫಿಲ್ಟರ್ ಸ್ಪಂಜು, ಜಲ್ಲಿ, ಗಾಜಿಗೆ ಅಂಟಿಕೊಂಡು ನಿಧಾನವಾಗಿ ಬೆಳೆಯುತ್ತವೆ. ಸಾಕಷ್ಟಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊದಲ ದಿನವೇ ಹತ್ತು ಮೀನು ಬಿಟ್ಟರೆ ಅಮೋನಿಯಾ ತಿನ್ನಲು ಅಲ್ಲಿ ಯಾರೂ ಇರುವುದಿಲ್ಲ. ಒಂದೆರಡು ಗಪ್ಪಿಯಂಥ ಪುಟ್ಟ ಮೀನುಗಳಿಂದ ಶುರುಮಾಡಿ, ಊಟ ಕಡಿಮೆ ಹಾಕಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ಗೋಲ್ಡ್ ಫಿಶ್ ಕಸ ಹೆಚ್ಚು ಮಾಡುವ, ದೊಡ್ಡದಾಗಿ ಬೆಳೆಯುವ ಮೀನು. ಗಾಜಿನ ಬೋಗುಣಿ ಅದರ ಜಾಗವಲ್ಲ.

ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯುವುದು ಇನ್ನೊಂದು ತಪ್ಪು. ಫ್ರೆಂಚರ ಕೊಳವೆಯಲ್ಲಿ ಕ್ಲೋರೋಫಾರ್ಮ್ ಮಾಡಿದ ಕೆಲಸವನ್ನು ಇಲ್ಲಿ ನಲ್ಲಿ ನೀರಿನ ಕ್ಲೋರಿನ್ ಮಾಡುತ್ತದೆ. ಕಾಲು ಭಾಗ ನೀರು ತೆಗೆದು, ತೆಗೆದ ಆ ನೀರಿನಲ್ಲೇ ಸ್ಪಂಜು ಹಿಂಡಿ. ಹೊಸ ನೀರು ಕ್ಲೋರಿನ್ ಇಲ್ಲದ್ದಾಗಿರಲಿ. ಸ್ನೇಹಿತರ ಮನೆಯ ಹಳೆಯ, ರೋಗವಿಲ್ಲದ ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕರೆ ಬಿಡಬೇಡಿ, ತೋಟದ ಮಣ್ಣಿನ ನೀರು ಮಾಡಿದ್ದನ್ನೇ ಅದು ಮಾಡುತ್ತದೆ. ಮೀನುಗಳು ಮೇಲೆ ಬಂದು ಏದುಸಿರು ಬಿಡುತ್ತಿದ್ದರೆ ಮೊದಲು ಅರ್ಧದಷ್ಟು ನೀರು ಬದಲಿಸಿ, ಆಮೇಲೆ ಕಾರಣ ಹುಡುಕಿ.

ವಿನೊಗ್ರಾಡ್ಸ್ಕಿ 1891ರಲ್ಲಿ ರಷ್ಯಾಕ್ಕೆ ಮರಳಿದರು. 1905ರಲ್ಲಿ ಪ್ರಯೋಗಾಲಯ ಬಿಟ್ಟು ತಮ್ಮ ಜಮೀನಿಗೆ ಹೋಗಿ ಬೇಸಾಯದಲ್ಲಿ ತೊಡಗಿದರು. ರಷ್ಯಾದ ಕ್ರಾಂತಿ ಆ ಜಮೀನನ್ನೂ ದೇಶವನ್ನೂ ಕಸಿದುಕೊಂಡಿತು. ಬೆಲ್‌ಗ್ರೇಡ್‌ನಲ್ಲಿದ್ದಾಗ ಪ್ಯಾರಿಸ್‌ನ ಪ್ಯಾಶ್ಚರ್ ಸಂಸ್ಥೆಯಿಂದ ಕರೆ ಬಂತು. 1922ರಲ್ಲಿ, 66ನೇ ವಯಸ್ಸಿಗೆ, ಪ್ಯಾರಿಸ್ ಬಳಿಯ ಬ್ರಿ-ಕೊಂತ್-ರೊಬೇರ್ ಎಂಬ ಊರಿನಲ್ಲಿ ಮತ್ತೆ ಮಣ್ಣಿನ ಬ್ಯಾಕ್ಟೀರಿಯಾ ಹಿಡಿದು ಕುಳಿತರು. 1953ರಲ್ಲಿ ಅಲ್ಲೇ ತೀರಿಕೊಂಡಾಗ ಅವರಿಗೆ 96 ವರ್ಷ.

ಎರಡೂ ಹಂತವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಎಂಬುದು ತಿಳಿದದ್ದು 2015ರಲ್ಲಿ. ಆಗ ಎರಡು ಕಡೆ ಅಂಥ ಬ್ಯಾಕ್ಟೀರಿಯಾ ಪತ್ತೆಯಾದವು. ಅದರಲ್ಲಿ ಒಂದು ಕಡೆ, ಮೀನು ಸಾಕಣೆ ತೊಟ್ಟಿಗೆ ಜೋಡಿಸಿದ್ದ ಫಿಲ್ಟರ್.