ಸೌಮ್ಯ ಗೆಳೆಯನಿಗೆ ಕಾವಲಾದ ಸಂತ ಜಾನ್ ಬೋಸ್ಕೊ

ಪ್ರತಿ ವರ್ಷ ಜನವರಿ 31ರಂದು ಪವಿತ್ರ ಧರ್ಮಸಭೆಯು ಸಂತ ಜಾನ್ ಬೋಸ್ಕೊರವರ ಹಬ್ಬವನ್ನು ಆಚರಿಸುತ್ತದೆ. ಯುವಜನರ ತಂದೆ ಹಾಗೂ ಗುರು ಎಂದು ಲೋಕವೆಲ್ಲ ಕೊಂಡಾಡುವ ಈ ಮಹನೀಯರ ಹೆಸರಿನ ಶಾಲೆಗಳನ್ನು ನಾವೆಲ್ಲರೂ ಬಲ್ಲೆವು. ಆದರೆ ಅವರ ವಿದ್ಯಾರ್ಥಿ ಜೀವನದಲ್ಲಿ, ತರಗತಿಯ ಕೋಣೆಯೊಂದರಲ್ಲಿ ನಡೆದ ಹೊಡೆದಾಟದ ಪ್ರಸಂಗವನ್ನು ನಮ್ಮಲ್ಲಿ ಅನೇಕರು ಕೇಳಿರಲಾರರು. ಮಕ್ಕಳನ್ನು ಬೆಳೆಸುವ ಹೊಣೆ ಹೊತ್ತಿರುವ ನಾವು ಅದರಿಂದ ಕಲಿಯಬೇಕಾದುದು ಬಹಳವಿದೆ.

ಜಾನ್ ಬೋಸ್ಕೊ ಹುಟ್ಟಿದ್ದು 1815ರ ಆಗಸ್ಟ್ 16ರಂದು, ಉತ್ತರ ಇಟಲಿಯ ಪಿಯೆಡ್‌ಮಾಂಟ್ ಪ್ರಾಂತ್ಯದ ಬೆಕ್ಕಿ ಎಂಬ ಪುಟ್ಟ ಹಳ್ಳಿಯ ರೈತ ಕುಟುಂಬದಲ್ಲಿ. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರಿತ ಬಡತನದಲ್ಲಿಯೂ ದೈವಭಕ್ತಿಯಿಂದ ಮಕ್ಕಳನ್ನು ಸಾಕಿದರು. ಓದಬೇಕೆಂಬ ಬಾಲಕನ ಹಂಬಲಕ್ಕೆ ಮಲಸಹೋದರ ಅಂತೋನಿಯೊ ಅಡ್ಡಿಯಾದ ಕಾರಣ, ಜಾನ್ ಮನೆ ಬಿಟ್ಟು ಬೇರೆಯವರ ಹೊಲದಲ್ಲಿ ಆಳಾಗಿ ದುಡಿಯಬೇಕಾಯಿತು.

ಒಂಬತ್ತನೆಯ ವಯಸ್ಸಿನಲ್ಲಿ ಕಂಡ ಕನಸೊಂದನ್ನು ಅವರು ಮುಂದೆ ತಮ್ಮ ಆತ್ಮವೃತ್ತಾಂತದಲ್ಲಿ ಬರೆದಿಟ್ಟಿದ್ದಾರೆ. ಆ ಕನಸಿನಲ್ಲಿ ಹುಡುಗರ ಗುಂಪೊಂದು ದೇವದೂಷಣೆ ಮಾಡುತ್ತಿತ್ತು. ಬಾಲಕ ಜಾನ್ ಗುದ್ದುಗಳಿಂದಲೇ ಅವರ ಬಾಯಿ ಮುಚ್ಚಿಸಲು ನುಗ್ಗಿದ. ಆಗ ತೇಜಸ್ವಿ ಪುರುಷನೊಬ್ಬನು ಅವನನ್ನು ತಡೆದು, ಇವರನ್ನು ಏಟುಗಳಿಂದಲ್ಲ, ಸೌಮ್ಯತೆಯಿಂದಲೂ ಪ್ರೀತಿಯಿಂದಲೂ ಗೆಲ್ಲಬೇಕೆಂದು ಆಜ್ಞಾಪಿಸಿದನು. ಕನಸು ಕಂಡದ್ದೇನೋ ನಿಜ. ಆದರೆ ಅದರ ಪಾಠ ಒಂದೇ ರಾತ್ರಿಯಲ್ಲಿ ಮೈಗೂಡಲಿಲ್ಲ.

1831ರಲ್ಲಿ ಜಾನ್ ಕಿಯೇರಿ ಪಟ್ಟಣದ ಶಾಲೆಗೆ ಸೇರಿದಾಗ ಅವನಿಗೆ 16 ವರ್ಷ. ಓದು ತಡವಾಗಿ ಆರಂಭವಾದುದರಿಂದ ಚಿಕ್ಕ ಮಕ್ಕಳ ನಡುವೆ ಕುಳಿತುಕೊಳ್ಳಬೇಕಾಯಿತು. ಪುಟ್ಟ ಸಹಪಾಠಿಗಳ ಮಧ್ಯೆ ತಾನೊಂದು ಎತ್ತರದ ಕಂಬದಂತೆ ಕಾಣುತ್ತಿದ್ದೆನೆಂದು ಅವರೇ ನೆನೆದಿದ್ದಾರೆ. ಊಟ ವಸತಿಗೆ ಹಣವಿಲ್ಲದೆ ಕೆಲಕಾಲ ಕಾಫಿ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು ಓದಿದ. ಇತರರಿಗಿಂತ ಬೇರೆಯಾಗಿ ಕಾಣುವ ಹುಡುಗನ ಕಷ್ಟ ಎಂತಹುದೆಂದು ಅವನು ಸ್ವತಃ ಉಂಡು ತಿಳಿದಿದ್ದ. ಆದರೂ ಚುರುಕು ಬುದ್ಧಿ, ಮೈಬಲ, ದೊಂಬರಾಟ ಮತ್ತು ಕೈಚಳಕದ ವಿದ್ಯೆಗಳಿಂದ ಬಹುಬೇಗ ಹುಡುಗರ ನಾಯಕನಾದ; ಗೆಳೆಯರನ್ನು ಸೇರಿಸಿ ಹರ್ಷಕೂಟವೊಂದನ್ನು ಕಟ್ಟಿದ.

ಆ ದಿನಗಳಲ್ಲಿ ಶಾಲೆಗೆ ಹೊಸ ಹುಡುಗನೊಬ್ಬ ಬಂದ. ಅವನೇ ಚಿನ್ಜಾನೊ ಊರಿನ ಲೂಯಿಜಿ ಕೊಮೊಲ್ಲೊ. ಜಾನ್‌ನಿಗಿಂತ ಎರಡು ವರ್ಷ ಚಿಕ್ಕವನು. ಉಪಾಧ್ಯಾಯರು ಬರುವುದು ತಡವಾದರೆ ಉಳಿದ ಹುಡುಗರೆಲ್ಲ ಒಬ್ಬರ ಬೆನ್ನ ಮೇಲೊಬ್ಬರು ಹಾರುತ್ತ ಗದ್ದಲವೆಬ್ಬಿಸುತ್ತಿದ್ದರು. ಕೊಮೊಲ್ಲೊ ಮಾತ್ರ ತನ್ನ ಜಾಗದಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಿದ್ದ. ತಂಟೆಕೋರ ಹುಡುಗನೊಬ್ಬ ಒಂದು ದಿನ ಅವನನ್ನು ಆಟಕ್ಕೆ ಎಳೆದ. ತನಗೆ ಆ ಆಟ ಬಾರದೆಂದು ಕೊಮೊಲ್ಲೊ ವಿನಯದಿಂದ ಹೇಳಿದಾಗ, ಅವನ ಕೆನ್ನೆಗೆ ಎರಡು ಬಾರಿ ಬಲವಾಗಿ ಬಾರಿಸಿದ. ಹೊಡೆಸಿಕೊಂಡವನು ಹೊಡೆದವನಿಗಿಂತ ಬಲಶಾಲಿಯೇ ಆಗಿದ್ದುದರಿಂದ, ಪ್ರತೀಕಾರ ನಿಶ್ಚಯವೆಂದು ಜಾನ್ ಕಾದು ನೋಡಿದ. ಕೊಮೊಲ್ಲೊವಿನ ಮುಖ ಕೆಂಪೇರಿತು. ಆದರೆ ಕೈ ಮೇಲೇಳಲಿಲ್ಲ. ಇಷ್ಟರಿಂದ ನಿನಗೆ ತೃಪ್ತಿಯಾಗಿದ್ದರೆ ಸಮಾಧಾನದಿಂದ ಹೋಗು, ನಾನು ಆಗಲೇ ಕ್ಷಮಿಸಿದ್ದೇನೆ ಎಂದಷ್ಟೇ ಅವನು ಹೇಳಿದ. ಅಂದಿನಿಂದ ಜಾನ್ ಅವನ ಆಪ್ತ ಮಿತ್ರನಾದ.

ಮೌನವಾಗಿ ಸಹಿಸುವವನು ಎಲ್ಲಿಯೂ ತಂಟೆಕೋರರ ಕಣ್ಣಿಗೆ ಬೀಳುತ್ತಾನೆ. ಮತ್ತೊಂದು ದಿನ ಕೆಲವರು ಕೊಮೊಲ್ಲೊವನ್ನೂ ಅವನಂತೆಯೇ ಸೌಮ್ಯನಾದ ಇನ್ನೊಬ್ಬ ವಿದ್ಯಾರ್ಥಿಯನ್ನೂ ಸುತ್ತುವರಿದು ಹೊಡೆಯತೊಡಗಿದರು. ಬೋಸ್ಕೊ ಎಚ್ಚರಿಕೆ ನೀಡಿದರೂ ಅವರು ನಿಲ್ಲಿಸಲಿಲ್ಲ. ಅವನ ಸಿಟ್ಟು ನೆತ್ತಿಗೇರಿತು. ಕೈಗೆ ಕೋಲಾಗಲಿ ಕುರ್ಚಿಯಾಗಲಿ ಸಿಗದೆ, ಹತ್ತಿರವಿದ್ದ ಹುಡುಗನೊಬ್ಬನನ್ನೇ ಭುಜ ಹಿಡಿದು ಎತ್ತಿ, ಅವನನ್ನೇ ದೊಣ್ಣೆಯಂತೆ ಬೀಸಿ ಉಳಿದವರನ್ನು ಚಚ್ಚಿದ. ನಾಲ್ವರು ನೆಲಕ್ಕುರುಳಿದರು, ಮಿಕ್ಕವರು ಕಿರುಚುತ್ತ ಓಡಿದರು. ಅಷ್ಟರಲ್ಲಿ ಬಂದ ಉಪಾಧ್ಯಾಯರು ಕಾರಣ ಕೇಳಿ, ಅವನ ಶಕ್ತಿಗೆ ಬೆರಗಾಗಿ ನಕ್ಕುಬಿಟ್ಟರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಗೆಳೆಯನಿಂದ ಧನ್ಯವಾದ ದೊರೆಯುವುದೆಂದು ಬೋಸ್ಕೊ ಎಣಿಸಿದ್ದರೆ ಆಶ್ಚರ್ಯವಿಲ್ಲ. ದೊರೆತದ್ದು ಬೇರೆಯೇ. ಇಬ್ಬರೇ ಇರುವಾಗ ಕೊಮೊಲ್ಲೊ, ನಿನ್ನ ಬಲ ಕಂಡು ನನಗೆ ಭಯವಾಗುತ್ತದೆ, ದೇವರು ಅದನ್ನು ಕೊಟ್ಟದ್ದು ಸಂಗಡಿಗರನ್ನು ಬಡಿಯುವುದಕ್ಕಲ್ಲ, ಕೇಡಿಗೆ ಪ್ರತಿಯಾಗಿ ಒಳಿತನ್ನು ಮಾಡಬೇಕೆಂಬುದೇ ಅವರ ಚಿತ್ತ ಎಂದು ತಿಳಿಹೇಳಿದ. ಒಂಬತ್ತರ ಕನಸಿನಲ್ಲಿ ಕೇಳಿದ ಮಾತು ಈಗ ಗೆಳೆಯನ ಬಾಯಿಂದ ಕೇಳಿಬಂದಿತು. ಕೊಮೊಲ್ಲೊ ಆಕ್ಷೇಪಿಸಿದ್ದು ತನ್ನ ಪರವಾಗಿ ನಿಂತದ್ದನ್ನಲ್ಲ, ನಿಂತ ರೀತಿಯನ್ನು ಎಂಬುದನ್ನು ನಾವು ಗಮನಿಸಬೇಕು. ಬೋಸ್ಕೊ ಮುನಿಸಿಕೊಳ್ಳಲಿಲ್ಲ. ತನ್ನನ್ನೇ ಅವನ ಕೈಗೆ ಒಪ್ಪಿಸಿಕೊಂಡ. ಇಬ್ಬರೂ ಜೊತೆಯಾಗಿ ಪ್ರಾರ್ಥಿಸಿದರು, ಪಾಪನಿವೇದನೆಗೂ ಪರಮಪ್ರಸಾದಕ್ಕೂ ಜೊತೆಯಾಗಿ ಹೋದರು. ಒಬ್ಬನಿಗೆ ಶರೀರದ ಆಸರೆ ಬೇಕಿತ್ತು, ಇನ್ನೊಬ್ಬನಿಗೆ ಆತ್ಮದ ಆಸರೆ.

ಬೋಸ್ಕೊ 1835ರಲ್ಲಿ ಕಿಯೇರಿಯ ಗುರುಮಠವನ್ನು ಪ್ರವೇಶಿಸಿದ. ಮರುವರ್ಷ ಕೊಮೊಲ್ಲೊ ಅಲ್ಲಿಗೇ ಬಂದ. ಆದರೆ ಆ ಸಹವಾಸ ಬಹುಕಾಲ ಉಳಿಯಲಿಲ್ಲ. 1839ರ ಏಪ್ರಿಲ್ 2ರಂದು ಕೊಮೊಲ್ಲೊ ಅಸುನೀಗಿದ. ಅವನಿಗೆ 22 ವರ್ಷ ತುಂಬಲು ಇನ್ನೂ ಐದು ದಿನಗಳಿದ್ದವು. 1844ರಲ್ಲಿ ಬೋಸ್ಕೊ ಪ್ರಕಟಿಸಿದ ಮೊಟ್ಟಮೊದಲ ಪುಸ್ತಕ ಈ ಗೆಳೆಯನ ಜೀವನ ಚರಿತ್ರೆಯೇ.

ಗೆಳೆಯ ಕಲಿಸಿದ ಪಾಠ ಫಲ ಕೊಟ್ಟಿತೇ? 1841ರ ಜೂನ್ 5ರಂದು ಬೋಸ್ಕೊ ಗುರುದೀಕ್ಷೆ ಪಡೆದರು. ಅದೇ ವರ್ಷ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಟ್ಯೂರಿನ್ ನಗರದ ಅಸ್ಸೀಸಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಅವರು ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಬಾರ್ತೊಲೊಮಿಯೊ ಗರೆಲ್ಲಿ ಎಂಬ 16 ವರ್ಷದ ಅನಾಥ ಹುಡುಗ ಅಲ್ಲಿಗೆ ಬಂದ. ಪೂಜೆಗೆ ನೆರವಾಗಲು ತನಗೆ ಬಾರದೆಂದು ಹೇಳಿದ್ದಕ್ಕೆ ದೇವಾಲಯದ ಪರಿಚಾರಕನು ಅವನನ್ನು ಕೋಲಿನಿಂದ ಹೊಡೆದು ಓಡಿಸಿದ. ಮತ್ತೊಮ್ಮೆ, ತನಗೆ ಬಾರದೆಂದದ್ದಕ್ಕೆ ಏಟು ತಿಂದ ಹುಡುಗ! ಈ ಬಾರಿ ಬೋಸ್ಕೊ ಯಾರನ್ನೂ ಎತ್ತಿ ಬೀಸಲಿಲ್ಲ. ಅವನು ನನ್ನ ಗೆಳೆಯ, ಈಗಲೇ ಕರೆದು ತಾ ಎಂದು ಪರಿಚಾರಕನಿಗೆ ಹೇಳಿದರು. ಹುಡುಗನಿಗೆ ಓದಲು ಬಾರದು, ಹಾಡಲು ಬಾರದು. ಸಿಳ್ಳೆ ಹೊಡೆಯಲು ಬರುವುದೇ ಎಂದು ಕೇಳಿದಾಗ ಮಾತ್ರ ಅವನ ಮುಖದಲ್ಲಿ ನಗು ಮೂಡಿತು. ಆ ದಿನದ ಧರ್ಮೋಪದೇಶದಿಂದಲೇ ತಮ್ಮ ಸೇವಾಕಾರ್ಯ ಆರಂಭವಾಯಿತೆಂದು ಸಲೇಶಿಯನ್ನರು ಇಂದಿಗೂ ಸ್ಮರಿಸುತ್ತಾರೆ.

ಬೋಸ್ಕೊ 1846ರಲ್ಲಿ ಟ್ಯೂರಿನ್ನಿನ ವಾಲ್ದೊಕ್ಕೊದಲ್ಲಿ ಬೀದಿಪಾಲಾದ ಹುಡುಗರಿಗೆ ನೆಲೆ ಕಲ್ಪಿಸಿದರು. 1859ರಲ್ಲಿ ಸಲೇಶಿಯನ್ ಸಭೆಯನ್ನು ಸ್ಥಾಪಿಸಿದರು. ಏಟಿನ ಶಿಕ್ಷೆಯನ್ನು ದೂರವಿಟ್ಟು, ವಿವೇಕ, ಧರ್ಮ ಮತ್ತು ವಾತ್ಸಲ್ಯಗಳ ಮೇಲೆ ಶಿಕ್ಷಣ ನಿಲ್ಲಬೇಕೆಂದು 1877ರಲ್ಲಿ ಬರೆದರು. 1888ರ ಜನವರಿ 31ರಂದು ದೈವಾಧೀನರಾದ ಅವರಿಗೆ 1934ರಲ್ಲಿ ಸಂತ ಪದವಿ ದೊರೆಯಿತು. 1906ರಲ್ಲಿ ತಂಜಾವೂರಿಗೆ ಬಂದಿಳಿದ ಸಲೇಶಿಯನ್ ಗುರುಗಳ ಸೇವೆ ಮುಂದೆ ಕರ್ನಾಟಕಕ್ಕೂ ಹಬ್ಬಿ, ಬೆಂಗಳೂರಿನ ಬೀದಿಮಕ್ಕಳನ್ನೂ ತಲುಪಿತು.

ನಮ್ಮ ಮಕ್ಕಳ ತರಗತಿಗಳಲ್ಲಿಯೂ ಕೊಮೊಲ್ಲೊಗಳಿದ್ದಾರೆ. ಮಾತು ತೊದಲುವವನು, ಆಟದಲ್ಲಿ ಹಿಂದುಳಿದವನು, ಹರಿದ ಚೀಲ ಹೊತ್ತು ಬರುವವಳು, ಯಾರೊಡನೆಯೂ ಬೆರೆಯದವಳು. ಇಂತಹ ಮಗುವನ್ನು ಇತರರು ಹಂಗಿಸುವಾಗ ನಮಗೇಕೆ ಬೇಕು ಎಂದು ಸುಮ್ಮನಿರಲು ನಾವು ನಮ್ಮ ಮಕ್ಕಳಿಗೆ ಕಲಿಸಿದ್ದರೆ, ಅದನ್ನು ಇಂದೇ ತಿದ್ದೋಣ. ಹೋಗಿ ಅವನ ಪಕ್ಕದಲ್ಲಿ ನಿಲ್ಲು ಎಂದು ಹೇಳೋಣ. ಕೈಯೆತ್ತದೆ ನಿಲ್ಲುವ ಧೈರ್ಯವನ್ನು ದೇವರು ಅವರಿಗೆ ಅನುಗ್ರಹಿಸಲೆಂದು ಸಂತ ಬೋಸ್ಕೊರವರ ಮಧ್ಯಸ್ಥಿಕೆಯನ್ನು ಬೇಡೋಣ.