ರಾಯಣ್ಣ ಸುಟ್ಟ ದಫ್ತರಗಳು

ಸಂಗೊಳ್ಳಿ ರಾಯಣ್ಣನನ್ನು ನಾವು ಖಡ್ಗ ಹಿಡಿದ ಪ್ರತಿಮೆಯಾಗಿಯೇ ಬಲ್ಲೆವು. ಬೆಂಗಳೂರಿನ ಮುಖ್ಯ ರೈಲು ನಿಲ್ದಾಣ ಇಂದು ಆತನ ಹೆಸರನ್ನು ಹೊತ್ತಿದೆ. ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26 ಎಂಬ ಕಾಕತಾಳೀಯವನ್ನು ಯಾವ ಭಾಷಣಕಾರನೂ ಬಿಡುವುದಿಲ್ಲ. ಆದರೆ ಮೂರು ದಶಕಗಳ ಕಾಲ ಕಂದಾಯ ಇಲಾಖೆಯ ಕಡತಗಳ ನಡುವೆ ಬದುಕಿದ ನನ್ನಂಥವನನ್ನು ಆತ ಬೇರೆಯೇ ರೀತಿಯಲ್ಲಿ ಕಾಡುತ್ತಾನೆ. ಆತ ಬೆಂಕಿಯಿಟ್ಟದ್ದು ನಮ್ಮಂಥವರ ದಫ್ತರಗಳಿಗೆ.

ಚಿಕ್ಕೋಡಿ ಸೀಮೆಯ ಬೋರಗಾಂವ ನನ್ನ ಊರು. ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ನಾನು ಚಿಕ್ಕವನಿದ್ದಾಗ ಜಾತ್ರೆಗೆ ಬರುತ್ತಿದ್ದ ಗೀಗೀ ಮೇಳದವರು ಬೆಳಗಿನವರೆಗೂ ರಾಯಣ್ಣನ ಕಥೆ ಹಾಡುತ್ತಿದ್ದರು. ಸಾರಾ ಬಾಕಿಗಾಗಿ ಅವನ ತಾಯಿಯ ಬೆನ್ನ ಮೇಲೆ ಕುಲಕರ್ಣಿ ಕಲ್ಲು ಹೊರಿಸಿದ ಪ್ರಸಂಗ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮ ಅಜ್ಜ ಮಾತ್ರ ಕಲ್ಲಿನ ಮಾತು ಬಿಟ್ಟು, ಹೊಲ ಎಷ್ಟಿತ್ತು, ಸಾರಾ ಎಷ್ಟು ಏರಿಸಿದ್ದರು ಎಂದು ಕೇಳುತ್ತಿದ್ದ. ಮೇಳದವರಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಸರಿಯಾದದ್ದೆಂದು ನನಗೆ ಮನವರಿಕೆಯಾದದ್ದು ಎಷ್ಟೋ ವರ್ಷಗಳ ನಂತರ.

ರಾಯಣ್ಣ ಬೈಲಹೊಂಗಲ ಸೀಮೆಯ ಸಂಗೊಳ್ಳಿಯ ಕುರುಬ ಮನೆತನದವನು. ಕಿತ್ತೂರು ಸಂಸ್ಥಾನದ ಶೇತಸನದಿ. ಈ ಪದ ಇಂದಿನ ಓದುಗರಿಗೆ ಅಪರಿಚಿತವಾಗಿರಬಹುದು. ಊರ ಕಾವಲು ಕಾಯುವವನಿಗೆ, ಕರೆ ಬಂದಾಗ ಆಯುಧ ಹಿಡಿದು ಹೊರಡುವವನಿಗೆ, ಸಂಬಳದ ಬದಲು ಸಂಸ್ಥಾನವು ಹೊಲವೊಂದನ್ನು ಬಿಟ್ಟುಕೊಡುತ್ತಿತ್ತು. ಸಾರಾ ಇಲ್ಲ, ಇದ್ದರೂ ಅತ್ಯಲ್ಪ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಇದು ಸೇವೆಗೆ ಪ್ರತಿಯಾದ ಭೂಹಿಡುವಳಿ. ಹಳ್ಳಿಯ ಪರಿಭಾಷೆಯಲ್ಲಿ ಅದು ಮರ್ಯಾದೆ. ಆ ಹೊಲ ಮನೆತನಕ್ಕೆ ಊರಿನಲ್ಲೊಂದು ಸ್ಥಾನವನ್ನೂ ದರಬಾರಿನೊಡನೆ ನೇರ ಸಂಬಂಧವನ್ನೂ ಕೊಡುತ್ತಿತ್ತು. ಕಿತ್ತೂರಿನ ಸೈನ್ಯಬಲದ ಬಹುಭಾಗ ಇಂಥ ಹೊಲಗಳಿಂದಲೇ ಎದ್ದು ಬರುತ್ತಿತ್ತು.

1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರ ಸರ್ಜ ಸಂತಾನವಿಲ್ಲದೆ ತೀರಿಕೊಂಡ. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಮುಂದಿನದನ್ನು ಶಾಲಾಮಕ್ಕಳೂ ಬಲ್ಲರು: ಅಕ್ಟೋಬರಿನಲ್ಲಿ ಕೋಟೆಯ ಮುಂದೆ ಥ್ಯಾಕರೆ ಹತನಾದದ್ದು, ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದದ್ದು, ಚೆನ್ನಮ್ಮ ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟದ್ದು. ಆಕೆ 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ಕಣ್ಮುಚ್ಚಿದಳು.

ಕೋಟೆ ಬಿದ್ದ ಮೇಲಿನ ಐದು ವರ್ಷಗಳ ಬಗ್ಗೆ ನಮ್ಮ ನಾಟಕ, ಸಿನಿಮಾಗಳಿಗೆ ಆಸಕ್ತಿಯಿಲ್ಲ. ನನಗಿರುವ ಆಸಕ್ತಿ ಅಲ್ಲಿಯೇ. ಕಂಪನಿ ಸರ್ಕಾರಕ್ಕೆ ಸಂಸ್ಥಾನದ ಕಾವಲುಗಾರರು ಬೇಕಿರಲಿಲ್ಲ. ಸೇವೆ ಬೇಡವಾದ ಮೇಲೆ ಸೇವೆಯ ಹೊಲವೇಕೆ ಎಂಬುದು ಅದರ ತರ್ಕ. ರಾಯಣ್ಣನ ಜಮೀನಿನ ಒಂದು ಭಾಗ ಜಪ್ತಿಯಾಯಿತು, ಉಳಿದದ್ದರ ಮೇಲೆ ಭಾರೀ ಕಂದಾಯ ಬಿತ್ತು. ಕಾಗದದ ಮೇಲೆ ಇದು ಎರಡು ಸಾಲಿನ ನಮೂದು. ಹೊಲದವನ ಪಾಲಿಗೆ, ನೇಗಿಲು ಹೂಡುತ್ತಿದ್ದ ಮಣ್ಣಿಗೆ ತಾನು ಬಾಕಿದಾರನಾಗಿಬಿಟ್ಟ ಹಾಗೆ. ಕಿತ್ತೂರು ಸೀಮೆಯಲ್ಲಿ ಹೀಗಾದವನು ಅವನೊಬ್ಬನೇ ಆಗಿರಲಿಲ್ಲ. ಅವನ ಹಿಂದೆ ನೂರಾರು ಜನ ನಿಂತದ್ದಕ್ಕೆ ರಾಣಿಯ ಮೇಲಿನ ಅಭಿಮಾನದಷ್ಟೇ ಈ ಸಂಕಟವೂ ಕಾರಣ ಎಂದು ನಾನು ತಿಳಿದಿದ್ದೇನೆ. ಇದರಿಂದ ಅವನ ದೇಶಪ್ರೇಮ ಕಿರಿದಾಗುತ್ತದೆ ಎಂದು ಕೆಲವು ಮಿತ್ರರು ನನ್ನೊಡನೆ ಜಗಳವಾಡಿದ್ದುಂಟು. ಕಾಲ ಕೆಳಗಿನ ನೆಲವನ್ನು ಬಿಟ್ಟು ದೇಶವೆಂಬುದು ಬೇರೆ ಎಲ್ಲಿದೆಯೋ ನಾನರಿಯೆ.

1830ರ ಜನವರಿಯಲ್ಲಿ ಬೀಡಿಯ ಸರ್ಕಾರಿ ಕಚೇರಿ ಹೊತ್ತಿ ಉರಿಯಿತು. ಅನಂತರ ದಾಳಿಗಳು ಒಂದರ ಹಿಂದೊಂದು ನಡೆದವು. ಕಾಡಿನಲ್ಲಿ ನೆಲೆ, ರಾತ್ರಿ ಪ್ರಯಾಣ, ಖಜಾನೆಯ ಲೂಟಿ, ಕಚೇರಿಗೆ ಬೆಂಕಿ. ದತ್ತುಪುತ್ರ ಶಿವಲಿಂಗಪ್ಪನನ್ನು ಗದ್ದುಗೆಯ ಮೇಲೆ ಕೂರಿಸುವುದು ಘೋಷಿತ ಗುರಿ. ಆದರೆ ಕಾಗದಪತ್ರಗಳನ್ನು ಹುಡುಕಿ ಸುಡುವುದು ಗದ್ದುಗೆಯ ಜಗಳವಲ್ಲ. ಯಾವ ಹೊಲ ಯಾರದ್ದು, ಯಾರು ಎಷ್ಟು ಕೊಡಬೇಕು ಎಂದು ಹೊಸ ದೊರೆಗಳು ಬರೆದಿಟ್ಟದ್ದನ್ನು ಅಳಿಸುವ ಕೆಲಸ ಅದು. ದಫ್ತರದ ಬಲ ಎಷ್ಟೆಂಬುದು ಅಕ್ಷರ ಬಲ್ಲವರಿಗಿಂತ ಅದರಿಂದ ಪೆಟ್ಟು ತಿಂದವರಿಗೆ ಬೇಗ ತಿಳಿಯುತ್ತದೆ.

ಕಂಪನಿಗೆ ಅವನನ್ನು ಕಾಳಗದಲ್ಲಿ ಹಿಡಿಯಲಾಗಲಿಲ್ಲ. ಏಪ್ರಿಲ್ ತಿಂಗಳಲ್ಲಿ ನಂಬಿದವರೇ ಹಿಡಿದುಕೊಟ್ಟರು. ಹಳ್ಳದಲ್ಲಿ ಸ್ನಾನಕ್ಕಿಳಿದಾಗ ಖಡ್ಗ ದಡದಲ್ಲಿತ್ತು ಎಂದು ಲಾವಣಿಗಳು ಹೇಳುತ್ತವೆ. 1831ರ ಜನವರಿ 26ರಂದು ನಂದಗಡದಲ್ಲಿ ಆಲದ ಮರಕ್ಕೆ ನೇಣು ಹಾಕಲಾಯಿತು. ರೂಢಿಯ ಲೆಕ್ಕದಲ್ಲಿ ಆಗ ಅವನಿಗೆ ಮೂವತ್ತೆರಡು ವರ್ಷ. ಸಂಗಡಿಗರಲ್ಲಿ ಕೆಲವರಿಗೂ ಅದೇ ಗತಿಯಾಯಿತು.

ಅದೇ 1831ನೆಯ ಇಸವಿಯನ್ನು ನಾನು ಮತ್ತೊಮ್ಮೆ ಎದುರುಗೊಂಡದ್ದು ಅಮೆರಿಕದ ಓಹಾಯೋ ರಾಜ್ಯದಲ್ಲಿ. ಮಗ ಕೊಲಂಬಸ್ ನಗರದಲ್ಲಿ ನೌಕರಿಯಲ್ಲಿದ್ದಾಗ ಬೇಸಿಗೆಯ ಒಂದು ಸಂಜೆ ಹತ್ತಿರದ ಚಿಲ್ಲಿಕಾಥಿ ಊರಿಗೆ ಕರೆದೊಯ್ದ. ಅಲ್ಲಿನ ಗುಡ್ಡದ ಬಯಲು ರಂಗಮಂದಿರದಲ್ಲಿ 1973ರಿಂದಲೂ ಬೇಸಿಗೆಗಳಲ್ಲಿ ಟೆಕಂಸೆ ಎಂಬ ಶಾನೀ ನಾಯಕನ ಕಥೆಯನ್ನು ಆಡುತ್ತ ಬಂದಿದ್ದಾರೆ. ಕುದುರೆಗಳು, ಬಂದೂಕಿನ ಸದ್ದು, ಕತ್ತಲಲ್ಲಿ ದೊಂದಿಗಳು. ನನಗೆ ಬೋರಗಾಂವದ ಜಾತ್ರೆಯೇ ನೆನಪಾಯಿತು.

ಶಾನೀಗಳು ಓಹಾಯೋ ಕಣಿವೆಯ ಮೂಲನಿವಾಸಿಗಳು. ಹೆಂಗಸರು ಮೆಕ್ಕೆಜೋಳ ಬೆಳೆಯುತ್ತಿದ್ದರು, ಗಂಡಸರು ಬೇಟೆಗೆ ಹೋಗುತ್ತಿದ್ದರು. 1809ರಲ್ಲಿ ಗವರ್ನರ್ ಹ್ಯಾರಿಸನ್ ಬೇರೆ ಕೆಲವು ಬುಡಕಟ್ಟುಗಳ ಮುಖಂಡರಿಂದ ಸುಮಾರು 30 ಲಕ್ಷ ಎಕರೆ ಭೂಮಿಯನ್ನು ಬರೆಸಿಕೊಂಡಾಗ ಟೆಕಂಸೆ ಎತ್ತಿದ ಆಕ್ಷೇಪ ಕಾನೂನಿನ ವಿದ್ಯಾರ್ಥಿಗಳು ಓದಬೇಕಾದದ್ದು: ಈ ನೆಲ ಎಲ್ಲ ಮೂಲನಿವಾಸಿಗಳ ಕೂಡೊಡೆತನದ್ದು; ಎಲ್ಲರ ಒಪ್ಪಿಗೆಯಿಲ್ಲದೆ ಯಾವ ಒಬ್ಬ ಮುಖಂಡನಿಗೂ ಅದನ್ನು ಮಾರುವ ಅಧಿಕಾರವಿಲ್ಲ. ರಾಯಣ್ಣ ಹೀಗೆ ಯೋಚಿಸಿದವನಲ್ಲ. ಅವನಿಗೆ ಹಳೆಯ ಸನದು ಸಾಕಿತ್ತು, ಅದನ್ನು ಕೊಟ್ಟ ಗದ್ದುಗೆ ಮರಳಿ ಬಂದರೆ ಸಾಕಿತ್ತು. ಟೆಕಂಸೆಗೆ ಸನದೇ ಸುಳ್ಳು. ಆತ 1813ರ ಅಕ್ಟೋಬರ್ 5ರಂದು ಕೆನಡಾದ ನೆಲದಲ್ಲಿ, ಇಂಗ್ಲಿಷರ ಪಕ್ಷದಲ್ಲಿ ಕಾದಾಡುತ್ತ ಸತ್ತ. ಕಿತ್ತೂರಿಗೆ ಶತ್ರುವಾದವರು ಅವನಿಗೆ ಮಿತ್ರರು. ಇತಿಹಾಸಕ್ಕೆ ಇಂಥ ಚೇಷ್ಟೆಗಳು ಹೊಸವಲ್ಲ.

ಶಾನೀಗಳಲ್ಲೇ ಬ್ಲ್ಯಾಕ್ ಹೂಫ್ ಎಂಬ ಹಿರಿಯ ಮುಖಂಡನಿದ್ದ. ಆತ ಟೆಕಂಸೆಯ ದಾರಿಯನ್ನು ಒಪ್ಪದೆ, ಸರ್ಕಾರ ಹೇಳಿದಂತೆ ತನ್ನವರನ್ನು ನೇಗಿಲ ಬೇಸಾಯಕ್ಕೆ ಹಚ್ಚಿದ, ಸಹಿ ಹಾಕೆಂದಲ್ಲಿ ಹಾಕಿದ. 1831ರಲ್ಲಿ ಆತನೂ ತೀರಿಕೊಂಡ. ಓಹಾಯೋದಲ್ಲಿ ಉಳಿದಿದ್ದ ಶಾನೀಗಳಿಂದ ನೆಲ ಬಿಟ್ಟುಹೋಗುವ ಒಪ್ಪಂದಗಳಿಗೆ ಸಹಿ ಪಡೆದದ್ದೂ ಅದೇ ವರ್ಷ. ಇಂದು ಅವರ ಮೂರು ಪಂಗಡಗಳ ಕೇಂದ್ರಗಳು ಇರುವುದು ದೂರದ ಓಕ್ಲಹೋಮದಲ್ಲಿ. ಆ ರಾತ್ರಿ ನಾಟಕ ಮುಗಿದು ಕಾರು ಹತ್ತುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಟೆಕಂಸೆಯಲ್ಲ, ಹೇಳಿದಂತೆ ಕೇಳಿದ ಆ ಮುದುಕ.

ಅದಕ್ಕೆ ಕಾರಣವಿದೆ. ನಮ್ಮ ರಾಜ್ಯದಲ್ಲಿ ಗ್ರಾಮಹುದ್ದೆಗಳ ವತನಗಳು 1961ರ ಕಾಯ್ದೆಯಂತೆ ರದ್ದಾಗಿ, ಆ ಜಮೀನುಗಳನ್ನು ಹಿಡುವಳಿದಾರರಿಗೇ ಮರುಮಂಜೂರು ಮಾಡುವ ವ್ಯವಸ್ಥೆಯಾಯಿತು. ಅಂಥ ಪ್ರಕರಣಗಳು ನಾನು ಸೇವೆಗೆ ಸೇರಿದ ಮೇಲೂ ಬರುತ್ತಿದ್ದವು. ಒಮ್ಮೆ ವೃದ್ಧನೊಬ್ಬ ತನ್ನ ಮುತ್ತಜ್ಜನ ಕಾಲದ ಶೇತಸನದಿ ಹೊಲವೆಂದು ಅರ್ಜಿ ಹಿಡಿದು ಬಂದ. ರುಮಾಲಿನ ಮಡಿಕೆಯೊಳಗಿಂದ ಮೋಡಿ ಲಿಪಿಯ ಹರಕು ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದ. ವತನ ರಜಿಸ್ಟರಿನಲ್ಲಿ ಆ ಹೊಲದ ನಮೂದಿರಲಿಲ್ಲ, ಉತಾರದಲ್ಲಿ ಬೇರೆಯವರ ಹೆಸರಿತ್ತು. ಮುದುಕ ವಾದಿಸಲಿಲ್ಲ, ಹೇಳಿದಲ್ಲಿ ಹೆಬ್ಬೆಟ್ಟು ಒತ್ತಿದ. ನಾನು ಅರ್ಜಿಯನ್ನು ವಜಾ ಮಾಡಿದೆ. ಆದೇಶದಲ್ಲಿ ತಪ್ಪಿರಲಿಲ್ಲ, ಮೇಲ್ಮನವಿಯೂ ಬರಲಿಲ್ಲ. ನಿಜ ಹೇಳಬೇಕೆಂದರೆ, ಆ ಮೋಡಿ ಕಾಗದವನ್ನು ಬಲ್ಲವರಿಂದ ಓದಿಸುವ ಗೋಜಿಗೂ ನಾನು ಹೋಗಲಿಲ್ಲ.

ನಿವೃತ್ತನಾದ ಮೇಲೆ ನಂದಗಡಕ್ಕೆ ಹೋಗಿದ್ದೆ. ರಾಯಣ್ಣನ ಸಮಾಧಿಯ ಬಳಿಯ ಆಲ ವಿಶಾಲವಾಗಿ ಹಬ್ಬಿದೆ. ಮಕ್ಕಳಿಲ್ಲದವರು ಹರಕೆ ಹೊತ್ತು ಅಲ್ಲಿ ಪುಟ್ಟ ಮರದ ತೊಟ್ಟಿಲುಗಳನ್ನು ಕಟ್ಟುತ್ತಾರೆ. ನಾನು ಹೋದ ದಿನ ವಯಸ್ಸಾದ ದಂಪತಿ ಮಗಳಿಗಾಗಿ ಒಂದನ್ನು ಕಟ್ಟುತ್ತಿದ್ದರು. ದಾರ ಎಟುಕದೆ, ಉದ್ದನೆಯ ಆಳಾದ ನನ್ನನ್ನು ಕರೆದರು. ಕಟ್ಟಿಕೊಟ್ಟೆ. ಯಾವ ಊರಿನವರು, ಏನು ಕೆಲಸದಲ್ಲಿದ್ದಿರಿ ಎಂದು ಆ ಹಿರಿಯರು ವಿಚಾರಿಸಿದರು. ಬೋರಗಾಂವ ಎಂದಷ್ಟೇ ಹೇಳಿದೆ.